ಧನ್ಯವಾದ ಹೇಳಬಾರದ ಬಟ್ಟಲು

ಒಂಬತ್ತು ಕಥೆ ಬರೆಯುವಾಗ ಪಡದ ಕಷ್ಟವನ್ನು ಸ್ಮರಂದಾ ಒಂದು ಪುಟದ ಕೃತಜ್ಞತೆ ಬರೆಯಲು ಪಟ್ಟಳು. ಪುಸ್ತಕ ಅಚ್ಚಿಗೆ ಹೋಗಲು ಉಳಿದಿದ್ದದ್ದು ಅದೊಂದೇ ಹಾಳೆ. ಪ್ರಕಾಶಕ ಒನೊಫ್ರೆಯ್ ಎರಡು ಸಲ ಫೋನ್ ಮಾಡಿದ್ದರು. "ಏನಮ್ಮ ಕಥೆಗಾರ್ತಿ, ಯಾರಿಗೆ ಋಣಿ ಅಂತ ನೆನಪಾಗ್ತಿಲ್ವೋ, ಇಲ್ಲ ಪಟ್ಟಿ ಉದ್ದ ಆಗೋಯ್ತೋ? ಮುಂದಿನ ಮಂಗಳವಾರದೊಳಗೆ ಕೊಡದೇ ಇದ್ರೆ ಆ ಪುಟ ಖಾಲಿ ಬಿಟ್ಟು ಹೊಡೆದುಬಿಡ್ತೀನಿ ನೋಡು," ಎಂದಿದ್ದರು. ಪಟ್ಟಿ ಉದ್ದವೇನೂ ಇರಲಿಲ್ಲ. ಒನೊಫ್ರೆಯ್ ಅವರನ್ನು ಬಿಟ್ಟರೆ ಅದರಲ್ಲಿ ಇದ್ದದ್ದು ಒಂದೇ ಹೆಸರು, ಅಸ್ಪಾಜಿಯಾ ನೆಗುರಾ. ತೊಡಕು ಇದ್ದದ್ದೂ ಅದೇ ಹೆಸರಿನಲ್ಲಿ.

ಅಸ್ಪಾಜಿಯಾ ಮೇಡಂ ಯಾಶಿ ಪಟ್ಟಣದ ಗುಡ್ಡದ ಮೇಲಿನ ಕಾಲೇಜಿನಲ್ಲಿ ಸಾಹಿತ್ಯ ಕಲಿಸುತ್ತಿದ್ದರು. ಅರವತ್ತೆರಡರ ಒಂಟಿ ಹೆಂಗಸು. ಕೆಂಪು ಪೆನ್ಸಿಲ್ಲು ಕಿವಿಯ ಮೇಲಿಲ್ಲದೆ ಅವರನ್ನು ಯಾರೂ ಕಂಡವರಿಲ್ಲ. ಮೂರು ವರ್ಷದ ಹಿಂದೆ, ವಾಸ್ಲುಯ್ ಕಡೆಯ ಹಳ್ಳಿಯಿಂದ ಬಂದಿದ್ದ ಸ್ಮರಂದಾಳ ಮೊದಲ ಪರೀಕ್ಷೆಯ ಉತ್ತರಪತ್ರಿಕೆ ಓದಿ, ಅವಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಇದು ಉತ್ತರ ಅಲ್ಲ, ಕಥೆ. ಹತ್ತಕ್ಕೆ ನಾಲ್ಕು ಕೊಟ್ಟಿದೀನಿ, ಅಂದ್ರೆ ಫೇಲು. ಶನಿವಾರ ಮನೆಗೆ ಬಾ, ಇದನ್ನ ಮುಗಿಸು," ಎಂದಿದ್ದರು. ಫೇಲಾದ ಹುಡುಗಿ ಅಳುತ್ತಲೇ ಹೋದಳು. ಹೋದವಳು ಸಂಜೆ ತಿದ್ದಿದ ಕಥೆಯನ್ನೂ ಒಂದು ಬಿಳಿಯ ಟವೆಲನ್ನೂ ಹಿಡಿದು ವಾಪಸು ಬಂದಳು. ಅಲ್ಲಿಂದ ಶನಿವಾರ ತಪ್ಪಿದ್ದಿಲ್ಲ.

ಟವೆಲು ಯಾಕೆ? ಸ್ಮರಂದಾಳ ತಲೆಗೆ ಹುಳ ಹೊಕ್ಕಿದ್ದು ಅವತ್ತೇ. ಕೈ ಒರೆಸಿಕೊಳ್ಳೋಕೆ ಇರಲಿ ಇಟ್ಕೋ ಎಂದಿದ್ದರು ಮೇಡಂ. ಆಮೇಲೆ ಒಂದು ಚಮಚ ಬಂತು. ಇನ್ನೊಂದು ಶನಿವಾರ ನೀಲಿ ಹೂವಿನ ಪಿಂಗಾಣಿ ಬಟ್ಟಲು. ಹಾಸ್ಟೆಲಿನಲ್ಲಿ ಕರೆಂಟು ಹೋಗುತ್ತಲ್ಲ ಎಂದು ಮೇಣದ ಬತ್ತಿ, ಹಸಿದುಕೊಂಡು ಬರೀಬೇಡ ಎಂದು ಜಡೆಯ ಹಾಗೆ ಹೆಣೆದ ರೊಟ್ಟಿ. ಚಳಿಗಾಲಕ್ಕೆ ಯಾರೂ ತೊಡದ, ಆದರೆ ಹಳೆಯ ಕಾಲದ ಹೊಲಿಗೆಯ ಒಂದು ಕೋಟು. ಇವೆಲ್ಲ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬಂದವು. ಬಿಡದೆ ಬಂದದ್ದು ಕಾಗದ. ಮಳಿಗೆಯಿಂದ ತಂದ ಕಟ್ಟು ಒಡೆಯದ ಕಾಗದ, ಜೊತೆಗೆ ಒಂದು ಸೀಸೆ ಶಾಯಿ. ಶಾಯಿಯಲ್ಲಿ ಈಗ ಯಾರು ಬರೆಯುತ್ತಾರೆ?

ಕೊಡುವ ರೀತಿಯೂ ವಿಚಿತ್ರ. ಎರಡೂ ಕೈಯಲ್ಲಿ ಹಿಡಿದು ಚಾಚುವರು. ಸ್ಮರಂದಾ ಹಿಡಿದುಕೊಂಡ ಮೇಲೂ ಒಂದು ಗಳಿಗೆ ಬಿಡರು. ಆ ಗಳಿಗೆಯಲ್ಲಿ ಅವರ ತುಟಿ ಅಲ್ಲಾಡುವುದು, ದನಿ ಮಾತ್ರ ಹೊರಡದು. "ಥ್ಯಾಂಕ್ಸ್ ಮೇಡಂ," ಎಂದು ಇವಳು ಹೇಳಿದಳೋ, ಅವರ ಮುಖ ಬಾಡುವುದು. ಒಂದು ಸಲವಂತೂ, "ಅದೊಂದು ಮಾತು ಬಿಟ್ಟು ಬೇರೆ ಏನಾದ್ರೂ ಹೇಳ್ಬಾರ್ದಾ," ಎಂದುಬಿಟ್ಟರು. ಬೇರೆ ಏನು ಹೇಳಬೇಕಂತೆ? ಕಾಲಿಗೆ ಬೀಳಬೇಕಂತೋ? ಸ್ಮರಂದಾ ಆ ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕಿದಳು.

ತಪ್ಪು ಪೂರ್ತಿ ಅವಳದೂ ಅಲ್ಲ. ಅಮ್ಮ ಇಟಲಿಯಲ್ಲಿ ಯಾರದೋ ಮುದುಕರನ್ನು ನೋಡಿಕೊಳ್ಳುತ್ತಿದ್ದಳು. ಇವಳನ್ನು ಸಾಕಿದ್ದು ಸಾಫ್ತಾ ಅಜ್ಜಿ. ನಮ್ಮ ಕಡೆಯ ಆ ತಲೆಮಾರಿನವರು ಬಾಗಿಲ ಹಿಂದೆ ಕಿವಿಯಿದೆ ಎಂದು ನಂಬಿಯೇ ಬದುಕಿದವರು. ಸರ್ವಾಧಿಕಾರಿಯ ಕಾಲದಲ್ಲಿ ಪಕ್ಕದ ಮನೆಯವರು ಒಂದು ಹಿಡಿ ಸಕ್ಕರೆ ಹೆಚ್ಚು ಕೊಟ್ಟರೆ ಅದನ್ನು ಪಾನಕಕ್ಕೆ ಹಾಕುವ ಮೊದಲು ಎರಡು ದಿನ ಯೋಚನೆ ಮಾಡಿದವರು. "ಕೇಳದೆ ಕೊಡೋನು ಕೇಳಿಸಿಕೊಳ್ಳೋಕೆ ಬಂದಿರ್ತಾನೆ ಕಣವ್ವ," ಎಂದು ಅಜ್ಜಿ ಹೇಳುತ್ತಿದ್ದಳು. ಆ ಮಾತನ್ನು ಹಾಲಿನ ಜೊತೆಗೆ ಕುಡಿದು ಬೆಳೆದ ಹುಡುಗಿ ಉಂಡ ಮನೆಯ ಜಂತಿ ಎಣಿಸಿದರೆ ಆಶ್ಚರ್ಯವೇನು.

ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಎರಡನೇ ಪ್ರತಿ. ಪ್ರತಿ ಕಥೆಯನ್ನೂ ಮೇಡಂ ಎರಡು ಪ್ರತಿ ತರಲು ಹೇಳುತ್ತಿದ್ದರು. ಒಂದು ತಿದ್ದೋಕೆ, ಒಂದು ಇಟ್ಕೊಳ್ಳೋಕೆ. ತಿದ್ದಿದ್ದು ಕೆಂಪು ಗೆರೆ ತುಂಬಿಕೊಂಡು ವಾಪಸು ಬರುತ್ತಿತ್ತು. ಇಟ್ಟುಕೊಂಡದ್ದು ಎಲ್ಲಿಗೆ ಹೋಗುತ್ತಿತ್ತು?

ಗೊತ್ತಾಗಿದ್ದು ಜೂನ್ ತಿಂಗಳ ಮೊದಲ ಮಂಗಳವಾರ. ಪದವಿಯ ಕೊನೆಯ ಪ್ರಬಂಧಕ್ಕೆ ಮೇಡಂ ಅವರೇ ಮಾರ್ಗದರ್ಶಿ. ಅವರ ಸಹಿ ಹಾಕಿಸಿಕೊಳ್ಳಲು ಸ್ಮರಂದಾ ಮನೆಗೆ ಹೋದಳು. ಮೇಡಂ ಅಡುಗೆಮನೆಯಲ್ಲಿ ಕಾಫಿಗೆ ಇಟ್ಟಿದ್ದರು. "ಪ್ರಬಂಧ ಮೇಜಿನ ಮೇಲಿದೆ, ತಗೋ," ಎಂದರು ಅಲ್ಲಿಂದಲೇ. ಪ್ರಬಂಧದ ಕೆಳಗೆ ಬೂದು ಬಣ್ಣದ ಒಂದು ರಟ್ಟಿನ ಫೈಲಿತ್ತು. ಅಂಚು ಸವೆದು ನೂಲು ಬಿಟ್ಟಿದ್ದ ಹಳೆಯ ಫೈಲು. ಮೇಲೆ ಶಾಯಿಯಲ್ಲಿ ಬರೆದಿತ್ತು: ಸೊರಾನಾ ನೆಗುರಾ, ಕಥೆಗಳು.

ಮೇಡಂ ಕಥೆ ಬರೆಯುವವರಲ್ಲ. ಈ ಸೊರಾನಾ ಯಾರು? ಸ್ಮರಂದಾ ದಾರ ಬಿಚ್ಚಿದಳು. ಒಳಗೆ ಇದ್ದದ್ದು ಅವಳದೇ ಒಂಬತ್ತು ಕಥೆಗಳು. ಅವಳದೇ ಸಾಲು, ಅವಳದೇ ತಪ್ಪು. ಆದರೆ ಪ್ರತಿ ಕಥೆಯ ಮೊದಲ ಪುಟವನ್ನು ತೆಗೆದುಬಿಟ್ಟಿದ್ದರು, ಅವಳ ಹೆಸರು ಇದ್ದ ಪುಟವನ್ನು. ಅಡುಗೆಮನೆಯಲ್ಲಿ ಬಟ್ಟಲುಗಳ ಸದ್ದಾಯಿತು. ಅವಳು ದಾರ ಕಟ್ಟಿ, ಪ್ರಬಂಧ ಎತ್ತಿಕೊಂಡು ನಿಂತಳು.

ಕಾಫಿ ಕುಡಿಯುತ್ತ ಅವಳು ಬಲೆ ಬೀಸಿ ನೋಡಿದಳು. "ಮೇಡಂ, ನಿಮ್ಮ ಮನೇಲಿ ಕಥೆ ಬರೆಯೋರು ಯಾರಾದ್ರೂ ಇದಾರಾ?"

ಮೇಡಂ ಬಟ್ಟಲನ್ನು ತಟ್ಟೆಯ ಮೇಲೆ ಇಟ್ಟರು. ಇಡುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. "ಇಲ್ಲ," ಎಂದರು.

ಸುಳ್ಳು. ಸ್ಮರಂದಾಳಿಗೆ ಅಷ್ಟು ಸಾಕಾಯಿತು.

ಹಾಸ್ಟೆಲಿನಲ್ಲಿ ಅವಳ ಕೋಣೆಯ ಜೊತೆಗಾತಿ ವಿಯೋರಿಕಾ ಕಾನೂನು ಓದುತ್ತಿದ್ದಳು. ಅರ್ಧ ಕಾನೂನು ಕಲಿತವರ ಧೈರ್ಯ ಪೂರ್ತಿ ಕಲಿತವರಿಗೆ ಇರುವುದಿಲ್ಲ. ಕಥೆಯೆಲ್ಲ ಕೇಳಿ ಅವಳು ಮಂಚದ ಮೇಲೆ ಎದ್ದು ಕೂತಳು.

"ನೋಡೇ, ಸರಳವಾಗಿದೆ. ಸೊರಾನಾ ಅನ್ನೋಳು ತಂಗಿ ಮಗಳೋ ಅಣ್ಣನ ಮಗಳೋ ಇರ್ತಾಳೆ. ಎಲ್ಲೋ ಬೇರೆ ಊರಲ್ಲಿ. ಅವಳ ಹೆಸರಲ್ಲಿ ಪುಸ್ತಕ ಬರುತ್ತೆ. ಆಮೇಲೆ ನೀನು ಕದ್ದೆ ಅಂತಾರೆ, ಅವಳಲ್ಲ."

"ಹಾಗಾದ್ರೆ ನನ್ನ ಪುಸ್ತಕ ತಗೊಳ್ಳಿ ಅಂತ ಮೇಡಂ ಒನೊಫ್ರೆಯ್ ಸಾರ್ ಆಫೀಸಿಗೆ ಮೂರು ಸಲ ಯಾಕೆ ಹೋದ್ರು? ಅವರು ಒಪ್ಪೋವರೆಗೂ ಕುರ್ಚಿ ಬಿಟ್ಟು ಏಳ್ಲಿಲ್ಲವಂತೆ."

"ಅದೇ ಮತ್ತೆ. ಅಷ್ಟೊಂದು ಯಾಕೆ ಅಂತೀನಿ. ನಿಮ್ಮಜ್ಜಿ ನಿನಗೋಸ್ಕರ ಹೋಗಿ ಕೂತಿದ್ಲಾ ಯಾರ ಆಫೀಸಲ್ಲಾದ್ರೂ?"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮೂರು ವರ್ಷದ ಟವೆಲು, ಚಮಚ, ಕೋಟು ಎಲ್ಲ ಸಾಲಾಗಿ ಬಂದು ಸಾಕ್ಷಿ ನಿಂತವು. ಕೊಬ್ಬಿಸಿ ಕೊಯ್ಯುವವರ ಮೇವು ಇದು ಎಂದು ಸ್ಮರಂದಾಳಿಗೆ ಖಾತ್ರಿಯಾಯಿತು. ಬುಧವಾರ ಗ್ರಂಥಾಲಯದಲ್ಲಿ ಸೊರಾನಾ ನೆಗುರಾ ಎಂಬ ಹೆಸರನ್ನು ಹುಡುಕಿದಳು. ಸಿಗಲಿಲ್ಲ. ಸಿಗದಿದ್ದದ್ದೂ ಅವಳಿಗೆ ಪುರಾವೆಯಾಗಿಯೇ ಕಂಡಿತು. ಗುರುವಾರ, ವಿಯೋರಿಕಾ ಹೇಳಿಕೊಟ್ಟ ಹಾಗೆ, ಡೀನರಿಗೆ ಒಂದು ದೂರು ಬರೆದಳು. ಮೇಡಂ ಕೊಟ್ಟ ಕಾಗದದ ಮೇಲೆಯೇ ಬರೆದಳು, ಕೋಣೆಯಲ್ಲಿ ಬೇರೆ ಕಾಗದ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಕಾಲೇಜಿನ ಕಚೇರಿಯ ಹೊರಗಿನ ದೂರಿನ ಪೆಟ್ಟಿಗೆಗೆ ಅದನ್ನು ಹಾಕಿದಳು. ಒಳಗೆ ಬಿದ್ದ ಸದ್ದು ಕೇಳಿಸಿತು. ಪೆಟ್ಟಿಗೆ ತೆಗೆಯುವುದು ಸೋಮವಾರ ಬೆಳಗ್ಗೆ. ಈ ಸೋಮವಾರ ಹಬ್ಬದ ರಜೆ, ಆದ್ದರಿಂದ ಮಂಗಳವಾರ. ಕೃತಜ್ಞತೆಯ ಪುಟ ಕೊಡಬೇಕಾದ ದಿನವೂ ಅದೇ.

ಹಾಕಿ ಬಂದವಳಿಗೆ ಹಾಸ್ಟೆಲಿನಲ್ಲಿ ಕೂರಲು ಆಗಲಿಲ್ಲ. ಸಂಜೆಯ ಬಸ್ಸು ಹತ್ತಿ ಅಜ್ಜಿಯ ಊರಿಗೆ ಹೋದಳು.

ಮರುದಿನ ಹಿರಿಯರ ಶನಿವಾರ, ತೀರಿಹೋದವರ ದಿನ. ಬೇಸಿಗೆಯ ಆ ಶನಿವಾರ ನಮ್ಮಲ್ಲಿ ಬಟ್ಟಲು ಹಂಚದ ಮನೆಯಿಲ್ಲ. ಸಾಫ್ತಾ ಅಜ್ಜಿ ಅಂಗಳದಲ್ಲಿ ತೊಟ್ಟಿಯ ಮುಂದೆ ಕೂತು ಹೊಸ ಬಟ್ಟಲುಗಳನ್ನು ಒಂದೊಂದಾಗಿ ತೊಳೆದು ಬೋರಲು ಹಾಕುತ್ತಿದ್ದಳು. ಪಕ್ಕದಲ್ಲಿ ಚೆರಿ ಹಣ್ಣಿನ ಬುಟ್ಟಿ, ಹೆಣೆದ ರೊಟ್ಟಿಗಳು, ಮೇಣದ ಬತ್ತಿಯ ಕಟ್ಟು.

"ಬಂದೇನವ್ವ. ಒರೆಸು ಬಾ. ಇದು ನಿಮ್ಮ ತಾತಂಗೆ. ಇದು ನಮ್ಮಕ್ಕ ಫ್ರೋಸಾಗೆ. ಅವಳು ಬದುಕಿದ್ದಾಗ ಒಂದು ದಿನಾನೂ ನನಗೆ ಒಂದು ಲೋಟ ನೀರು ಕೊಟ್ಟೋಳಲ್ಲ, ಆದ್ರೂ ಕೊಡ್ತೀನಿ. ಅಲ್ಲಿ ಬಾಯಾರಿಕೊಂಡು ಕೂತಿದ್ದು ನನ್ನೇ ಬೈದ್ರೆ?"

ಸ್ಮರಂದಾ ಒರೆಸುತ್ತ, ತಡೆಯಲಾರದೆ, ಎಲ್ಲ ಹೇಳಿಕೊಂಡಳು. ಫೈಲು, ಹೆಸರು, ಸುಳ್ಳು, ದೂರು. ಅಜ್ಜಿ ತನ್ನನ್ನು ಮೆಚ್ಚುತ್ತಾಳೆ ಎಂದೇ ಅವಳ ಲೆಕ್ಕ. ಅಜ್ಜಿಯ ಪಾಠವನ್ನು ಅಷ್ಟು ಚೆನ್ನಾಗಿ ಕಲಿತವಳು ತಾನೇ ಅವಳು.

ಅಜ್ಜಿ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. "ಇನ್ನೊಂದ್ ಸಲ ಹೇಳು. ಏನೇನು ಕೊಟ್ಳು?"

"ಟವೆಲು. ಚಮಚ. ಬಟ್ಟಲು. ರೊಟ್ಟಿ. ಒಂದು ಕೋಟು."

"ಬತ್ತಿ?"

"ಮೇಣದ ಬತ್ತೀನಾ? ಅದೂ ಕೊಟ್ರು. ಕರೆಂಟ್ ಹೋದ್ರೆ ಅಂತ."

"ಯಾವ ವಾರ?"

"ಶನಿವಾರ. ಯಾವಾಗ್ಲೂ ಶನಿವಾರನೇ."

"ಕೊಡೋವಾಗ ಬಾಯಲ್ಲಿ ಏನಾದ್ರೂ ಅಂತಿದ್ಲಾ?"

ಸ್ಮರಂದಾಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು.

"ನೀನೇನಂತಿದ್ದೆ, ತಗೊಳ್ಳೋವಾಗ?"

"ಥ್ಯಾಂಕ್ಸ್ ಅಂತಿದ್ದೆ. ಇನ್ನೇನು ಅಂತಾರೆ?"

"ಇನ್ನೇನು ಅಂತಾರೆ ಅಂತೆ," ಎಂದಳು ಅಜ್ಜಿ. ಅವಳ ದನಿ ಏರಲಿಲ್ಲ, ಅದೇ ಕೆಟ್ಟದ್ದಾಯಿತು. "ದೊಡ್ಡ ಓದು ಓದ್ದೋಳು ನೀನು. ಮೂರು ವರ್ಷ ಒಬ್ಬಳು ಸತ್ತೋರ ಹೆಸರಲ್ಲಿ ನಿನ್ನ ಕೈಗೆ ಇಟ್ಟಿದಾಳೆ, ಮೂರು ವರ್ಷ ನೀನು ಅದನ್ನ ಈ ಕಡೇನೇ ಉಳಿಸಿಕೊಂಡಿದೀಯ. ಒಂದು ಬಟ್ಟಲಾದ್ರೂ ಅಲ್ಲಿಗೆ ಮುಟ್ಟಿಲ್ಲ. ಆ ಜೀವ ಅಲ್ಲಿ ಬರಿಗೈಲಿ ಕೂತಿದೆ."

ಸತ್ತವರಿಗೆಂದು ಕೊಟ್ಟದ್ದನ್ನು ಪಡೆದವರು ಧನ್ಯವಾದ ಹೇಳುವಂತಿಲ್ಲ. ಹೇಳಬೇಕಾದದ್ದು ಬೊಗ್ದಾಪ್ರೋಸ್ತೆ, ದೇವರು ಅವರನ್ನು ಮನ್ನಿಸಲಿ ಎಂದು. ಆ ಮಾತು ಆಡಿದರೆ ಬಟ್ಟಲು ಆ ಕಡೆ ದಾಟುತ್ತದೆ. ಧನ್ಯವಾದ ಎಂದರೆ ಕೊಟ್ಟವರ, ಪಡೆದವರ ನಡುವೆಯೇ ಉಳಿದುಬಿಡುತ್ತದೆ. ನಾಲಗೆ ತಿರುಗದ ಕೂಸಿಗೂ ಇದು ಗೊತ್ತು. ಸ್ಮರಂದಾಳಿಗೂ ಗೊತ್ತಿತ್ತು. ಊರಿನಲ್ಲಿ ನೂರು ಸಲ ಹೇಳಿದ್ದ ಮಾತು ಅದು. ಆದರೆ ಪ್ರೊಫೆಸರೊಬ್ಬರು, ಪುಸ್ತಕದ ಗೋಡೆಗಳ ನಡುವೆ, ಹೆಸರು ಹೇಳದೆ, ಬಿಡಿಬಿಡಿಯಾಗಿ ಕೊಡುವಾಗ ಅದು ಅವಳ ತಲೆಗೆ ಹೊಳೆದಿರಲಿಲ್ಲ.

"ಅವರು ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ ಅಜ್ಜಿ."

"ಹೇಳಿದ್ರೆ ನೀನು ತಗೋತಿದ್ಯಾ? ನಿನ್ನ ಮೂಗು ನನಗೆ ಗೊತ್ತಿಲ್ವಾ. ಭಿಕ್ಷೆ ಅಂತ ಎಸೆದು ಬರ್ತಿದ್ದೆ."

"ಕೇಳದೆ ಕೊಡೋನನ್ನ ನಂಬಬೇಡ ಅಂದೋಳು ನೀನೇ."

ಅಜ್ಜಿ ಕೈಯಲ್ಲಿದ್ದ ಬಟ್ಟಲನ್ನು ಬೋರಲು ಹಾಕಿದಳು. "ಅಂದೆ. ಆಗಿನ ಕಾಲಕ್ಕೆ ಅಂದೆ. ಕಾಲ ಹೋಯ್ತು, ಮಾತು ನನ್ನ ಬಾಯಲ್ಲೇ ಉಳ್ಕೊಂಡ್ತು. ನಾಳೆ ಬೆಳಗ್ಗೆ ಮೊದಲನೇ ಬಸ್ಸಿಗೆ ಹೋಗು."

ಆದರೂ ಸಂಶಯ ಒಂದೇ ರಾತ್ರಿಗೆ ಬಿಡುವ ಜ್ವರವಲ್ಲ. ಬಸ್ಸಿನಲ್ಲಿ ಕೂತ ಸ್ಮರಂದಾ ಮತ್ತೆ ಲೆಕ್ಕ ಹಾಕಿದಳು. ಟವೆಲು, ಬಟ್ಟಲು ಸರಿ. ಕಥೆಗಳು ಫೈಲಿಗೆ ಯಾಕೆ ಹೋದವು? ತನ್ನ ಹೆಸರಿನ ಪುಟ ಯಾಕೆ ಬೇರೆಯಾಯಿತು? ಇಲ್ಲ ಎಂದು ಸುಳ್ಳು ಯಾಕೆ ಹೇಳಿದರು? ಅಜ್ಜಿಗೆ ಎಲ್ಲದರಲ್ಲೂ ಸತ್ತವರೇ ಕಾಣುತ್ತಾರೆ, ಅವಳ ವಯಸ್ಸು ಅಂಥದ್ದು. ಯಾಶಿಯಲ್ಲಿ ಇಳಿಯುವ ಹೊತ್ತಿಗೆ ಅವಳು ಅರ್ಧ ಅಜ್ಜಿಯ ಪಕ್ಷ, ಅರ್ಧ ವಿಯೋರಿಕಾಳ ಪಕ್ಷ ಆಗಿದ್ದಳು.

ಮೇಡಂ ಬಾಗಿಲು ತೆಗೆದರು. ಅವರ ಕೈಯಲ್ಲಿ ಆಗಲೇ ಒಂದು ಬಟ್ಟಲಿತ್ತು, ತುಂಬ ಚೆರಿ, ಹಿಡಿಗೆ ಕಟ್ಟಿದ ಒಂದು ಚಿಕ್ಕ ಹೂಗೊಂಚಲು. ಇವಳನ್ನೇ ಕಾದಿದ್ದರು ಎಂದು ಕಂಡಿತು.

"ನಿನ್ನೆ ಬರ್ಲಿಲ್ಲ, ಇವತ್ತಾದ್ರೂ ಬರ್ತೀಯೋ ಇಲ್ವೋ ಅಂದ್ಕೊಂಡಿದ್ದೆ. ಮಾರ್ಕೆಟ್ಟಲ್ಲಿ ಚೆರಿ ಚೆನ್ನಾಗಿದ್ವು. ತಗೋ, ಹಾಸ್ಟೆಲಲ್ಲಿ ತಿನ್ನು."

ಎರಡೂ ಕೈ ಚಾಚಿದವು. ಸ್ಮರಂದಾ ಹಿಡಿದುಕೊಂಡಳು. ಅವರು ಬಿಡಲಿಲ್ಲ. ತುಟಿ ಅಲ್ಲಾಡಿತು. ಈ ಸಲ ಅವಳು ಅವರ ಮುಖವನ್ನಲ್ಲ, ತುಟಿಯನ್ನೇ ನೋಡಿದಳು. ಒಂದೇ ಹೆಸರು, ಮೂರು ಅಕ್ಷರ.

"ಬೊಗ್ದಾಪ್ರೋಸ್ತೆ," ಎಂದಳು ಸ್ಮರಂದಾ.

ಮೇಡಂ ಕೈ ತೆಗೆದರು. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಆಮೇಲೆ ಅಲ್ಲೇ ಹೊರಬಾಗಿಲ ಬಳಿ ಚಪ್ಪಲಿ ಬಿಡುವ ಮಣೆಯ ಮೇಲೆ ಕೂತು ಅತ್ತರು. ಮೂರು ವರ್ಷದಲ್ಲಿ ಸ್ಮರಂದಾ ಅವರ ಕಣ್ಣಲ್ಲಿ ನೀರು ನೋಡಿರಲಿಲ್ಲ. ಅವಳಿಗೂ ಅಳು ಬಂತು, ಜೊತೆಗೆ ಹೆದರಿಕೆಯೂ ಬಂತು. ಪೆಟ್ಟಿಗೆಯೊಳಗೆ ಬಿದ್ದ ಕಾಗದದ ಸದ್ದು ಅವಳ ಕಿವಿಯಲ್ಲೇ ಇತ್ತು.

"ಸೊರಾನಾ ಯಾರು ಮೇಡಂ?"

"ನನ್ನ ತಂಗಿ."

ಒಳಗೆ ಕರೆದು ಕೂರಿಸಿ ಅವರು ಹೇಳಿದರು. ಎಂಬತ್ತಾರನೇ ಇಸವಿಯ ಚಳಿಗಾಲ. ಸೊರಾನಾ ಇದೇ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಇದೇ ಮನೆಯಲ್ಲಿ ಅಕ್ಕನ ಜೊತೆ ಇದ್ದು ಕಥೆ ಬರೆಯುತ್ತಿದ್ದಳು. ಸರದಿಯಲ್ಲಿ ನಿಂತು ರೊಟ್ಟಿಗೆ ಕಾಯುವ ಹೆಂಗಸರ ಕಥೆಗಳು. ಆಗ ಅಂಥದ್ದನ್ನು ಬರೆದವರಿಗೆ ಏನಾಗುತ್ತಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಅವಳ ಗೆಳತಿ ಒಬ್ಬಳು ಗುಪ್ತ ಪೊಲೀಸರಿಗೆ ಸುದ್ದಿ ಕೊಡ್ತಾಳೆ ಅಂತ ನನ್ನ ಜೊತೆ ಕೆಲಸ ಮಾಡೋರು ಯಾರೋ ಅಂದ್ರು. ಅಂದ್ರು ಅಷ್ಟೇ. ನನಗೆ ನಿದ್ದೆ ಹೋಯ್ತು. ಒಂದಿನ ಸಾಯಂಕಾಲ ಕಿಟಕೀಲಿ ನೋಡ್ತೀನಿ, ಗೇಟಿನ ಹತ್ರ ಟೋಪಿ ಹಾಕ್ಕೊಂಡೋರು ಇಬ್ರು ಗಂಡಸರು ನಿಂತ್ಕೊಂಡು ನಮ್ಮ ಮಹಡಿ ಕಡೇನೇ ನೋಡ್ತಿದಾರೆ. ಸೊರಾನಾ ಮನೇಲಿರಲಿಲ್ಲ. ಫೈಲು ಖಾಲಿ ಮಾಡಿ ಅಷ್ಟನ್ನೂ ಒಲೆಗೆ ಹಾಕಿಬಿಟ್ಟೆ. ನೂರಿಪ್ಪತ್ತು ಪುಟ. ಅವರು ಮೆಟ್ಟಿಲು ಹತ್ತಿ ಬರೋ ಸದ್ದು ಕೇಳಿಸ್ತು. ಬಂದ್ರು. ಪಕ್ಕದ ಮನೆ ಬೆಲ್ ಹೊಡೆದ್ರು."

"ಯಾರವರು?"

"ಪಕ್ಕದ ಮನೆಯವನು ಅಕಾರ್ಡಿಯನ್ ಮಾರಾಟಕ್ಕಿದೆ ಅಂತ ಹಾಕಿದ್ದ. ಅದನ್ನ ಕೊಳ್ಳೋಕೆ ಬಂದಿದ್ರು." ಮೇಡಂ ಚೆರಿಯ ತೊಟ್ಟೊಂದನ್ನು ಬೆರಳಲ್ಲಿ ಸುತ್ತಿದರು. "ಒಂದು ಗಂಟೆ ಹೊತ್ತು ಅದನ್ನ ನುಡಿಸಿ ನೋಡಿದ್ರು. ನಾನು ಬೂದಿ ಮುಂದೆ ಕೂತು ಕೇಳ್ದೆ. ಆ ಗೆಳತಿನೂ ಯಾರಿಗೂ ಏನೂ ಹೇಳಿರಲಿಲ್ಲ, ಆಮೇಲೆ ಗೊತ್ತಾಯ್ತು."

ಸೊರಾನಾ ಬಂದು ಖಾಲಿ ಫೈಲು ನೋಡಿದಳು. ಮತ್ತೆ ಬರೆಯಲೇ ಇಲ್ಲ. ಎರಡು ವರ್ಷಕ್ಕೆ ರಕ್ತದ ಕಾಯಿಲೆ ಅವಳನ್ನು ತೆಗೆದುಕೊಂಡು ಹೋಯಿತು. ಅವಳಿಗೆಂದು ಹೊಲಿಸಿದ್ದ ಕೋಟು ತೊಡದೆಯೇ ಉಳಿಯಿತು.

"ಎಲ್ಲರೂ ಸತ್ತೋರಿಗೆ ಬಟ್ಟಲು ಕೊಡ್ತಾರೆ, ಅಲ್ಲಿ ನೀರು ಕುಡೀಲಿ ಅಂತ. ಅವಳಿಗೆ ನೀರಿಗಿಂತ ಮುಂಚೆ ಕಾಗದ ಬೇಕು ಅಂತ ನನಗೆ ಗೊತ್ತು. ಕಾಗದ, ಶಾಯಿ, ಕೂತು ಓದೋರು ಒಬ್ಬರು. ಹಾಗೆ ಕೊಟ್ಟೆ. ನಾನು ತರ್ಕ ಅಂತ, ವಿಮರ್ಶೆ ಅಂತ ಪಾಠ ಹೇಳೋಳು. ಇದನ್ನ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಗ್ತಿತ್ತು. ನೀನಾಗೇ ಆ ಮಾತು ಅನ್ಲಿ ಅಂತ ಕಾಯ್ತಿದ್ದೆ."

"ನಿಮ್ಮ ಮನೇಲಿ ಬರೆಯೋರು ಇದಾರಾ ಅಂತ ಕೇಳಿದ್ದಕ್ಕೆ ಇಲ್ಲ ಅಂದ್ರಿ."

"ಇಲ್ಲವಲ್ಲ ಮಗು," ಎಂದರು ಮೇಡಂ.

ಸ್ಮರಂದಾ ತಲೆ ತಗ್ಗಿಸಿದಳು. ಆದರೂ ಮುಳ್ಳೊಂದು ಉಳಿದಿತ್ತು, ಅದನ್ನು ಕೀಳದೆ ಅವಳಿಂದ ಸುಮ್ಮನಿರಲು ಆಗಲಿಲ್ಲ. "ಫೈಲಿಗೆ ನನ್ನ ಕಥೆ ಯಾಕೆ ಹಾಕಿದ್ರಿ? ಹೆಸರು ತೆಗೆದು?"

"ಓ, ನೋಡಿಬಿಟ್ಟಿದೀಯ." ಮೇಡಂ ಎದ್ದು ಮೇಜಿನ ಡ್ರಾಯರು ಎಳೆದರು. ಒಳಗೆ ಒಂಬತ್ತು ಮೊದಲ ಪುಟಗಳು ಒಂದು ಹೊಸ ಫೈಲಿನಲ್ಲಿದ್ದವು. ಅದರ ಮೇಲೆ ಅದೇ ಅಕ್ಷರದಲ್ಲಿ ಸ್ಮರಂದಾ ಹುತ್ಸಾನು ಎಂದಿತ್ತು. "ಹಳೇ ಫೈಲು ಬರಿದಾಗಿರೋದನ್ನ ನೋಡೋಕಾಗ್ತಿರಲಿಲ್ಲ. ಅದಕ್ಕೆ ಅದರಲ್ಲಿಡ್ತಿದ್ದೆ. ಪುಸ್ತಕ ಬರುತ್ತಲ್ಲ, ಇನ್ನು ಅವು ನಿನ್ನ ಫೈಲಲ್ಲಿರ್ಬೇಕು ಅಂತ ಈ ವಾರ ಬದಲಾಯಿಸ್ತಾ ಇದ್ದೆ. ಮೊದಲ ಪುಟಗಳು ಇದಕ್ಕೆ ಬಂದಿವೆ, ಉಳಿದವನ್ನ ಅವಳ ಫೈಲಿಂದ ತೆಗೆಯೋಕೆ ಕೈ ಬರ್ಲಿಲ್ಲ."

"ಅಂದ್ರೆ ನನ್ನ ಕಥೆಗಳು ಚೆನ್ನಾಗಿದ್ವಾ, ಇಲ್ಲ ನಾನು ಬರೀ ಬಟ್ಟಲು ಹಿಡಿಯೋ ಕೈಯಾ?"

ಮೇಡಂಗೆ ಕೋಪ ಬಂತು. ಆ ಕೋಪ ನೋಡಿ ಸ್ಮರಂದಾಳಿಗೆ ಅಷ್ಟು ದಿನದಲ್ಲಿ ಮೊದಲ ಸಲ ಸಮಾಧಾನವಾಯಿತು. "ಹೊಟ್ಟೆ ತುಂಬಿರೋಳ ಕೈಗೆ ರೊಟ್ಟಿ ಇಟ್ರೆ ಅದು ಅಲ್ಲಿಗೆ ಮುಟ್ಟುತ್ತಾ? ಹಸಿದೋರನ್ನ ಹುಡುಕಿ ಕೊಡ್ಬೇಕು. ಇಪ್ಪತ್ತೆಂಟು ವರ್ಷ ಪಾಠ ಮಾಡ್ಕೊಂಡು ಹುಡುಕಿದೀನಿ. ಆ ಹಸಿವು ನಿನ್ನೊಬ್ಬಳ ಪೇಪರಲ್ಲಿ ಕಾಣಿಸ್ತು."

ಆಗ ಸ್ಮರಂದಾ ದೂರಿನ ಮಾತು ಹೇಳಿದಳು. ಹೇಳುವಾಗ ನೆಲ ನೋಡಿದಳು. ತಾನು ಏನು ಬರೆದೆ, ಯಾವ ಪೆಟ್ಟಿಗೆ, ಯಾವ ಕಾಗದ, ಒಂದನ್ನೂ ಬಿಡಲಿಲ್ಲ.

ಮೇಡಂ ಡ್ರಾಯರು ಮುಚ್ಚಿದರು. ಕಿಟಕಿಯ ಹತ್ತಿರ ಹೋಗಿ ಗೇಟಿನ ಕಡೆ ನೋಡಿದರು.

"ಮಂಗಳವಾರ ಎಂಟಕ್ಕೆ ಕಚೇರಿ ತೆಗೀತಾರೆ," ಎಂದರು ಕೊನೆಗೆ. "ಹೊತ್ತಿಗೆ ಸರಿಯಾಗಿ ಬಾ. ಈಗ ಆ ಚೆರಿ ತಿನ್ನು. ತಿನ್ನದೇ ಇದ್ರೂ ಮುಟ್ಟಲ್ಲ."

ಅದೇ ಭಾನುವಾರ ಸಂಜೆ ಸ್ಮರಂದಾ ಕೃತಜ್ಞತೆಯ ಪುಟವನ್ನು ಒನೊಫ್ರೆಯ್ ಅವರಿಗೆ ಕಳಿಸಿದಳು. ಅದರಲ್ಲಿ ಇದ್ದದ್ದು ಒಂದೇ ಪದ. ಅವರು ಕೂಡಲೇ ಫೋನ್ ಮಾಡಿದರು. "ಏನಮ್ಮ ಇದು, ಸಾವಿನ ಮನೇಲಿ ಹೇಳೋ ಮಾತು. ಹೆಸರೂ ಇಲ್ಲ, ಊರೂ ಇಲ್ಲ. ಯಾರಿಗೆ ಅಂತ ಓದೋರಿಗೆ ಹೇಗೆ ಗೊತ್ತಾಗ್ಬೇಕು?"

"ಮುಟ್ಟಬೇಕಾದೋರಿಗೆ ಮುಟ್ಟುತ್ತೆ ಸಾರ್. ಹಾಗೇ ಇರ್ಲಿ."

ಮಂಗಳವಾರ ಎಂಟಕ್ಕೆ ಐದು ನಿಮಿಷ ಮುಂಚೆ ಇಬ್ಬರೂ ಕಚೇರಿಯ ಬಾಗಿಲಲ್ಲಿದ್ದರು. ಕಾರ್ಯದರ್ಶಿ ವರ್ತೊಲೊಮೆಯ್ ಅಮ್ಮ ಬೀಗದ ಕೈ ಗೊಂಚಲಿನಲ್ಲಿ ಪೆಟ್ಟಿಗೆಯ ಕೈ ಹುಡುಕುತ್ತ, ಹಾಕಿದ ದೂರನ್ನು ವಾಪಸು ತೆಗೆದುಕೊಳ್ಳಲು ಇನ್ನೊಂದು ಅರ್ಜಿ ಬೇಕು, ಅರ್ಜಿಗೆ ನಂಬರು ಬೇಕು ಎಂದರು. ಸ್ಮರಂದಾ ನಿಂತಲ್ಲೇ ಅರ್ಜಿ ಬರೆದಳು. "ಯಾರ ಮೇಲೆ ದೂರು?" ಎಂದು ವರ್ತೊಲೊಮೆಯ್ ಅಮ್ಮ ಕೇಳಿದರು. "ನನ್ನ ಮೇಲೆ," ಎಂದರು ಮೇಡಂ, ಹವಾಮಾನ ಹೇಳುವ ದನಿಯಲ್ಲಿ. ಮರುಮಾತಿಲ್ಲದೆ ಕಾಗದ ಕೈಗೆ ಬಂತು.

ಹೊರಗೆ ಮರದ ಕೆಳಗಿನ ಬೆಂಚಿನಲ್ಲಿ ಮೇಡಂ ಅದನ್ನು ಬಿಚ್ಚಿದರು.

"ಓದ್ಬೇಡಿ ಮೇಡಂ. ಕೊಡಿ, ಹರಿದು ಹಾಕ್ತೀನಿ. ಸುಟ್ಟುಬಿಡ್ತೀನಿ."

"ಸುಡೋದು ನಾನು ಒಂದ್ ಸಲ ಮಾಡಿದೀನಿ. ಸಾಕು. ನಮ್ಮನೇಲಿ ಬರೆದದ್ದನ್ನ ಇನ್ನು ಸುಡಲ್ಲ."

ಅವರು ಓದಿದರು. ಅವಸರ ಮಾಡದೆ ಎರಡೂ ಪುಟ ಓದಿದರು. ಓದುತ್ತ ಓದುತ್ತ ಅವರ ಕೈ ತಾನಾಗಿಯೇ ಕಿವಿಯ ಮೇಲೆ ಹೋಗಿ ಕೆಂಪು ಪೆನ್ಸಿಲ್ಲು ಇಳಿಸಿತು. ಮೂರು ಕಡೆ ಬಂದಿದ್ದ ಕಳ್ಳತನ ಎಂಬ ಪದದಲ್ಲಿ ಎರಡನ್ನು ಹೊಡೆದುಹಾಕಿದರು. ಒಂದು ಅಲ್ಪವಿರಾಮ ಸೇರಿಸಿದರು. "ಅವರ ತುಟಿ ಅಲ್ಲಾಡುತ್ತಿತ್ತು" ಎಂಬ ಸಾಲಿನ ಕೆಳಗೆ ಗೆರೆ ಎಳೆದು ಅಲ್ಲೇ ತುಸು ನಿಂತರು. ಕೊನೆಯ ಪುಟದ ಕೆಳಗೆ ಅವರು ಒಂದು ಅಂಕಿ ಬರೆದು, ಅದರ ಸುತ್ತ ಒಂದು ಸೊನ್ನೆ ಸುತ್ತಿ, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು.

"ಇದು ದೂರಲ್ಲ, ಕಥೆ," ಎಂದರು. "ನಾಲ್ಕು ಕೊಟ್ಟಿದೀನಿ. ಶನಿವಾರ ಮನೆಗೆ ಬಾ, ಇದನ್ನ ಮುಗಿಸು."